ಅಡುಗೆಯವನ ಕೈಗುಣ

ದಕ್ಷಿಣ ಧ್ರುವದ ಹಿಮದಲ್ಲಿ ವಿಜ್ಞಾನಿಗಳ ತಂಡಕ್ಕೆ ಅಡುಗೆ ಮಾಡಿ ಹಾಕಿದವನು ನಾನು. ಹಿಮದೊಳಗಿನ ಸೂಕ್ಷ್ಮಜೀವಿಗಳನ್ನು ಹುಡುಕುತ್ತಿದ್ದ ಮೇಡಂ ಒಬ್ಬರು ವಾರಕ್ಕೊಮ್ಮೆ ಅಡುಗೆಮನೆಗೆ ಬಂದು, ಹತ್ತಿ ಸುತ್ತಿದ ಕಡ್ಡಿಯಿಂದ ನನ್ನ ಅಂಗೈ ಒರೆಸಿಕೊಂಡು ಹೋಗೋರು. "ಯಾಕಮ್ಮಾ?" ಅಂದರೆ, "ನಿಮ್ಮ ಕೈ ಇಲ್ಲದೆ ನನ್ನ ಸಂಶೋಧನೆ ನಡೆಯಲ್ಲ, ಓಬಣ್ಣ" ಅನ್ನೋರು.

ನನಗೆ ಅಷ್ಟು ಸಾಕಾಯಿತು. ಊರಿಗೆ ಬಂದವನೇ ನನ್ನ ಕೈಯಲ್ಲಿ ಏನೋ ವಿಶೇಷ ಇದೆ ಅಂತ ಸಿಕ್ಕಸಿಕ್ಕವರಿಗೆಲ್ಲ, ಊಟಕ್ಕೆ ಕೂತವರಿಗೂ ಬಿಡದೆ, ಅಂಗೈ ತೋರಿಸಿಕೊಂಡು ತಿರುಗಿದೆ.

ನನ್ನ ಹೆಂಡತಿಯ ತಮ್ಮ ತಿಪ್ಪೇಶಿ ಮಾತ್ರ ನಂಬಲಿಲ್ಲ. "ಸಾರು ಕುದಿಸಿದ್ದು ಬಿಟ್ಟರೆ ಅಲ್ಲಿ ಇನ್ನೇನು ಕಡಿದು ಕಟ್ಟೆ ಹಾಕಿದೆ, ಭಾವ?" ಅಂತ ನೆಂಟರ ಎದುರಿಗೆ ವರ್ಷಗಟ್ಟಲೆ ಹಂಗಿಸಿದ.

ಮೇಡಂ ನಿವೃತ್ತಿಯ ಸಮಾರಂಭಕ್ಕೆ ನನಗೂ ಕರೆ ಬಂತು. ಇವತ್ತು ಇವನ ಬಾಯಿ ಮುಚ್ಚಿಸಲೇಬೇಕು ಅಂತ ತಿಪ್ಪೇಶಿಯನ್ನು ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದೆ.

ಮೇಡಂ ವೇದಿಕೆಯಿಂದಲೇ ನನ್ನ ಗುರುತು ಹಿಡಿದರು. "ಓಬಣ್ಣ, ಎದ್ದು ನಿಲ್ಲಿ. ಇವರಿಲ್ಲದಿದ್ದರೆ ನನ್ನ ಸಂಶೋಧನೆಯನ್ನು ಯಾರೂ ನಂಬುತ್ತಿರಲಿಲ್ಲ!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ಎದ್ದು ಎರಡೂ ಅಂಗೈ ಮೇಲೆತ್ತಿ ತೋರಿಸಿದೆ.

"ಕೇಳಿಸಿತೇನೋ?" ಅಂದೆ.

"ತಪ್ಪಾಯ್ತು ಭಾವ" ಅಂತ ತಿಪ್ಪೇಶಿ ಕೈಮುಗಿದ.

ಮೇಡಂ ಮಾತು ಮುಂದುವರಿಸಿದರು. "ಹಿಮದಲ್ಲಿ ಸಿಕ್ಕ ಜೀವಿ ಇವರ ಕೈಯಲ್ಲೂ ಸಿಕ್ಕಿತೋ, ಅದು ಹಿಮದ್ದಲ್ಲ, ನಮ್ಮ ಅಡುಗೆಮನೆಯ ಕೊಳೆ ಅಂತ ತೆಗೆದು ಬಿಸಾಡುತ್ತಿದ್ದೆ."