ಮುನ್ನೂರು ಒಲೆಗಳು

ಕಾರ್ತಿಕ ಬಹುಳ ಷಷ್ಠಿಯ ಸಂಜೆ ಕೋಟೆಯಲ್ಲಿ ಉಳಿದಿದ್ದವರು ನಲವತ್ತೊಂದು ಮಂದಿ. ಹೊಳೆಯಾಚೆ ಶತ್ರುವಿನ ಪಾಳೆಯದಲ್ಲಿ ನಾನೂರು ಒಲೆಗಳು ಉರಿಯುತ್ತಿದ್ದವು.

“ಒಲೆಗೆ ಹತ್ತು ಜನ ಅಂದ್ರೂ ನಾಲ್ಕು ಸಾವಿರ ಆಯ್ತು,” ಎಂದನು ದಳವಾಯಿ. “ಬಲ ಕಮ್ಮಿ ಇದ್ದೋನು ಜಾಸ್ತಿ ಐತೆ ಅಂತ ತೋರಿಸ್ಬೇಕು ಅನ್ತೈತೆ ಯುದ್ಧಶಾಸ್ತ್ರ. ಭರಮಣ್ಣ, ಗೋಡೆ ಉದ್ದಕ್ಕೂ ಮುನ್ನೂರು ಒಲೆ ಹಚ್ಚಿಸು.”

“ಬೇಯಿಸೋಕೆ ಅಕ್ಕಿನೇ ಇಲ್ವಲ್ಲ ಬುದ್ಧಿ!” ಎಂದನು ಹವಾಲ್ದಾರ ಭರಮಣ್ಣ.

“ಶಾಸ್ತ್ರ ಒಲೆ ಅಂದೈತೆ, ಅಕ್ಕಿ ಅಂದಿಲ್ಲ. ಹಚ್ಚಿಸಯ್ಯ.”

ಒಲೆಗಳು ಉರಿದವು. ಆದರೂ ಬೆಳಗಾಗುವ ಹೊತ್ತಿಗೆ ಎದುರಿನ ಪಾಳೆಯ ಕದಲಿರಲಿಲ್ಲ. ದಳವಾಯಿಯ ಧೈರ್ಯ ಕರಗಿತು. ಶರಣಾಗುವವರ ಪದ್ಧತಿಯಂತೆ ಅವನು ಬಾಯಲ್ಲಿ ಹುಲ್ಲೆಸಳು ಕಚ್ಚಲು ಅಣಿಯಾದನು.

“ಇದೂ ಶಾಸ್ತ್ರದಾಗೈತಾ ಬುದ್ಧಿ?”

“ಸೈನಿಕರ ಜೀವ ಉಳಿಸು ಅಂತ ಐತೆ. ಬಾಗಿಲು ತೆಗಿ.”

ದಳವಾಯಿ ಹುಲ್ಲು ಕಚ್ಚಿಕೊಂಡು ಒಬ್ಬನೇ ಹೊಳೆಗೆ ಇಳಿದನು. ನಡುವಿನ ಮರಳುದಿಬ್ಬದಲ್ಲಿ, ದಟ್ಟ ಮಂಜಿನೊಳಗಿಂದ ಬಂದ ಶತ್ರು ಸೇನಾಪತಿ ಅವನ ಕಾಲಿಗೆ ಬಿದ್ದನು. ಅವನ ಬಾಯಲ್ಲೂ ಹುಲ್ಲಿತ್ತು. ಅದನ್ನು ತೆಗೆದು, ತಲೆ ಎತ್ತದೆ ಬೇಡಿಕೊಂಡನು:

“ನಿಮ್ಮ ಒಲೆ ಕಂಡು ನಮ್ಮೋರು ನಡುಗ್ತಾವ್ರೆ ಸ್ವಾಮಿ. ನಮ್ಮ ನಾನೂರು ಒಲೆ ಬರೀ ಬೆಂಕಿ, ಇರೋರು ಮೂವತ್ತೇ ಜನ. ಜೀವ ಒಂದು ಉಳಿಸಿ, ಋಣ ತೀರಿಸ್ತೀವಿ.”

ದಳವಾಯಿ ತನ್ನ ಬಾಯಲ್ಲಿದ್ದ ಹುಲ್ಲನ್ನು ಸದ್ದಿಲ್ಲದೆ ನುಂಗಿ, “ಏಳಯ್ಯ, ಉಳಿಸಿದೀನಿ, ಋಣ ಬಾಕಿ ಇರ್ಲಿ,” ಎಂದನು.