ತೇಲದ ಕೂಸು

ಕೂಸನ್ನು ಡಾಕ್ಟರಿಗೆ ತೋರಿಸುವ ಖರ್ಚೆಂದರೆ ಅರ್ಧ ದಿನದ ಕೆಲಸ, ಬಸ್ ಚಾರ್ಜು ಮತ್ತು ಅತ್ತೆಯ ಸಿಟ್ಟು. ನೀಲವ್ವ ಲೆಕ್ಕ ಹಾಕಿಯೇ ಹೊರಟಳು. ಓಣಿಯ ಕೂಸುಗಳೆಲ್ಲ ಆರು ತಿಂಗಳಿಗೇ ತೊಟ್ಟಿಲಿನಿಂದ ತೇಲಿ ಜಂತಿ ಮುಟ್ಟುತ್ತಿದ್ದವು. ಹತ್ತು ತಿಂಗಳ ಗುರುಸಿದ್ಧ ಮಾತ್ರ ರುಬ್ಬುಗುಂಡಿನ ಹಾಗೆ ಚಾಪೆಯ ಮೇಲೇ ಇದ್ದ.

"ಇವನಪ್ಪನೂ ತಡಾ ಮಾಡಿ ಎರಡು ವರ್ಷಕ್ಕ ತೇಲಿದ್ದ, ಅಲ್ಲೀತನಕ ಕಾಯಿ. ಮೈಮ್ಯಾಲೆ ಬೆಳ್ಳಿ ಭಾರ ಐತಿ, ಅದಕ್ಕ ಏಳವಲ್ಲ," ಎನ್ನುತ್ತ ಅತ್ತೆಯೂ ಬೆನ್ನು ಹತ್ತಿ ಬಂದಳು.

ಡಾಕ್ಟರಮ್ಮ ಉಡದಾರ, ಕಡಗ, ಗೆಜ್ಜೆ ಎಲ್ಲ ಬಿಚ್ಚಿಸಿದರು. ಗುರುಸಿದ್ಧ ಏಳಲಿಲ್ಲ, ಮೇಜನ್ನು ಒದ್ದೆ ಮಾಡಿದ.

"ಅತ್ತಿ, ಈಗಂತೂ ಇನ್ನಷ್ಟು ಭಾರ ಇಳೀತು. ಆದ್ರೂ ಯಾಕ ಏಳವಲ್ಲ?" ಎಂದಳು ನೀಲವ್ವ.

ಡಾಕ್ಟರಮ್ಮ ನಕ್ಕರು. "ಬೆನ್ನು ಬಿಗಿ ಐತಿ. ಇವತ್ತಿಂದ್ಲೇ ಕಸರತ್ತು ಮಾಡಸ್ರಿ, ತೇಲ್ತಾನ. ಎರಡು ವರ್ಷ ತುಂಬೂತನಕ ಕಾದು ಬಂದಿದ್ರ ಕಷ್ಟ ಇತ್ತು."

ಅತ್ತೆಯ ಮಾತು ಕೇಳಿದ್ದರೆ ಕಳೆದುಹೋಗುತ್ತಿದ್ದ ಹದಿನಾಲ್ಕು ತಿಂಗಳು ಕೂಸಿಗೆ ದಕ್ಕಿದವು.