ಎಲ್ಲರಿಗೂ ಒಂದು ಪಾಲು

ಹೆರಿಗೆ ವಾರ್ಡಿನ ಗಂಟೆ ಬಾರಿಸಿದ ಕೂಡಲೇ ಕ್ಯಾಂಟೀನಿನ ಗಂಗವ್ವ ಒಲೆ ಆರಿಸಿ ಕುಳಿತಳು. ಕಸ ಗುಡಿಸುವವರೂ ಪೊರಕೆ ಬಿಟ್ಟು ಕುಳಿತರು. ರೋಗಿಯ ನೋವನ್ನು ಸಿಬ್ಬಂದಿಯೆಲ್ಲ ಹಂಚಿಕೊಂಡರೆ ಮಾತ್ರ ಆಸ್ಪತ್ರೆಗೆ ಮಾನ್ಯತೆ. ಆ ನೋವನ್ನು ಹಂಚುವುದು ಪ್ರತಿಯೊಬ್ಬರ ಮಣಿಕಟ್ಟಿಗೆ ಕಟ್ಟಿದ ಪಟ್ಟಿ.

ಲೆಕ್ಕದ ಮುಖ್ಯಸ್ಥ ಸಂಗನಬಸಪ್ಪ ಗಂಟೆ ಕೇಳಿದರೆ ಪಟ್ಟಿ ಬಿಚ್ಚಿಟ್ಟು ಚಹಾಕ್ಕೆ ಹೋಗುತ್ತಿದ್ದವರು. ಇವತ್ತು ಮಾನ್ಯತೆಯ ತಪಾಸಣೆ, ಬಿಚ್ಚುವಂತಿರಲಿಲ್ಲ. ಖರ್ಚು ಉಳಿಸಲು ಹೋದ ವಾರ ಅರ್ಧ ನರ್ಸುಗಳನ್ನು ಮನೆಗೆ ಕಳಿಸಿದ್ದವರೂ ಅವರೇ. ಆ ನರ್ಸುಗಳ ಪಾಲೂ ಈಗ ಉಳಿದವರಿಗೇ.

"ಕುಂದರ್ರಿ ಸಾಹೇಬ್ರ, ಜೋರ್ ಬರ್ತೈತಿ," ಎಂದಳು ನರ್ಸ್ ಮಹಾನಂದಾ.

ನೋವು ಬಂತು. ಸಂಗನಬಸಪ್ಪ ಮೇಜು ಹಿಡಿದು ಕುಸಿದರು.

"ಯವ್ವಾ! ನಾಳೇನ ಆ ನರ್ಸ್‌ಗೋಳ್ನ ಎಲ್ಲಾರನೂ ವಾಪಸ್ ಕರೀರಿ!"

ಮೇಲಿನ ಮಹಡಿಯಲ್ಲಿ ಕೂಸು ಅತ್ತಿತು. ನೋವು ನಿಂತಿತು. ಅವರು ಪಟ್ಟಿ ಬಿಚ್ಚಲು ಕೈ ಹಾಕಿದರು.

"ತಡೀರಿ," ಮಹಾನಂದಾ ಮೆಲ್ಲಗೆ ಹೇಳಿದಳು. "ಇನ್ನೊಂದು ಬರೂದೈತಿ."

ಒಲೆಯ ಮುಂದೆ ಗಂಗವ್ವ, ಕಾರಿಡಾರಿನಲ್ಲಿ ಕಸ ಗುಡಿಸುವವರು, ಎಲ್ಲರೂ ಖಾಲಿ ತೋಳುಗಳನ್ನು ಎದೆಯ ಹತ್ತಿರ ಮಡಚಿ ಕಾಯುತ್ತಿದ್ದರು. ಸಂಗನಬಸಪ್ಪನವರೂ ಮಡಚಿದರು. ತಾಯಿಯ ತೋಳಿಗೆ ಆಗಷ್ಟೇ ಕೊಟ್ಟ ಕೂಸಿನ ಬೆಚ್ಚನೆಯ ಭಾರ ಪಟ್ಟಿಯ ಮೂಲಕ ಅವರ ಕೈಗೂ ಬಂತು.

ಕೈ ಕೆಳಗಿಳಿಸಲು ಅವರಿಗೆ ಧೈರ್ಯವಾಗಲಿಲ್ಲ.